ಅಮ್ಮನ ಮಾತ್ರೆ ಡಬ್ಬಿಯನ್ನು ಒಮ್ಮೆ ಸುರಿದು ನೋಡಿ

ನಮ್ಮಮ್ಮನಿಗೆ 76 ವರ್ಷ. ಅರಸೀಕೆರೆಯಲ್ಲಿ ಒಬ್ಬರೇ ಇದ್ದಾರೆ. ಕಳೆದ ವರ್ಷ ರಾತ್ರಿ ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬಿದ್ದರು. ಮರುದಿನ ಅವರ ಬಿಸ್ಕತ್ತಿನ ಡಬ್ಬಿಯನ್ನು ಪೇಪರ್ ಮೇಲೆ ಸುರಿದೆ. 11 ಬಗೆ ಮಾತ್ರೆ! ಬರೆದವರು ಮೂವರು ಡಾಕ್ಟರು. ಎರಡು ಬಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. ಒಂದು ಪಕ್ಕದ ಮನೆಯವರು ಕೊಟ್ಟದ್ದು.

ನೀವೂ ಹೀಗೇ ಸುರಿಯಿರಿ. ನೆಗಡಿ ಮಾತ್ರೆ, ಮಂಡಿನೋವಿನ ಮಾತ್ರೆ, ವಿಟಮಿನ್, ಚೂರ್ಣ, ಎಲ್ಲವೂ ಬರಲಿ. ಕಂಪನಿ ಇಟ್ಟ ಹೆಸರು ಬಿಟ್ಟು, ಒಳಗಿರುವ ಔಷಧದ ಹೆಸರು ಓದಿ. "ಅದೂ ಗ್ಯಾಸಿಗೆ, ಇದೂ ಗ್ಯಾಸಿಗೆ ಕಣೇ" ಅಂದರು ಅಮ್ಮ. ಎರಡೂ ಪ್ಯಾಂಟೊಪ್ರಜೋಲ್. ದಿನಾ ಎರಡನ್ನೂ ನುಂಗುತ್ತಿದ್ದರು.

ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ಮಾತ್ರೆಯ ಮುಂದೆ ಬರೆಯಿರಿ: ಯಾರು ಕೊಟ್ಟರು, ಯಾಕೆ, ಯಾವಾಗಿನಿಂದ. ಈ 'ಯಾವಾಗಿನಿಂದ' ಬಹಳ ಮುಖ್ಯ. ಹಳೆ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ ನನಗೆ ಎಲ್ಲ ಗೊತ್ತಾಯಿತು. ಮೊದಲು ಬಿಪಿಗೆ ಆಮ್ಲೋಡಿಪಿನ್. ಅದರಿಂದ ಕೆಲವರಿಗೆ ಕಾಲು ಊದುತ್ತದೆ, ಅಮ್ಮನಿಗೂ ಊದಿತು. ಊತಕ್ಕೆ ಬೇರೆ ಡಾಕ್ಟರು ನೀರು ಹೋಗುವ ಮಾತ್ರೆ ಬರೆದರು. ರಾತ್ರಿ ನಾಲ್ಕು ಸಲ ಏಳುವಂತಾಯಿತು. ನಿದ್ದೆ ಕೆಟ್ಟಿತು ಅಂತ ಆಲ್‌ಪ್ರಜೋಲಮ್ ಬಂತು. ಆ ಮಂಪರಿನಲ್ಲೇ ಎದ್ದು ಬಿದ್ದದ್ದು. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ! ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಿರಲೇ ಇಲ್ಲ ಅಲ್ವಾ?

ವಯಸ್ಸಾದವರಿಗೆ ಜೋಪಾನವಾಗಿ ಕೊಡಬೇಕಾದ ಔಷಧಗಳ ಪಟ್ಟಿಯೊಂದಿದೆ. ಅಮೆರಿಕದ ಡಾಕ್ಟರ್ ಮಾರ್ಕ್ ಬಿಯರ್ಸ್ 1991ರಲ್ಲಿ ಶುರು ಮಾಡಿದ್ದು; 2023ರಲ್ಲೂ ಪರಿಷ್ಕರಣೆ ಆಗಿದೆ. ನಮ್ಮ ಮನೆಗಳಲ್ಲಿ ಸಿಗುವ ಎಷ್ಟೋ ಮಾತ್ರೆಗಳು ಅದರಲ್ಲಿವೆ. ನೆಗಡಿಯ ಕ್ಲೋರ್ಫೆನಿರಮಿನ್ ಮಂಪರು, ಮರೆವು, ಮಲಬದ್ಧತೆ ತರಬಹುದು. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದು. ನೋವಿನ ಡೈಕ್ಲೋಫಿನ್ಯಾಕ್ ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ಹಾಗಂತ ಸುಮ್ನೆ ನೀವೇ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡ ಆಲ್‌ಪ್ರಜೋಲಮ್ ಅನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಅಮ್ಮನಿಗೆ ಅದನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು.

ಒಬ್ಬರೇ ಡಾಕ್ಟರ ಹತ್ತಿರ ಡಬ್ಬಿ, ಹಾಳೆ, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಮೂರನ್ನೂ ಒಯ್ಯಿರಿ. "ಇದರಲ್ಲಿ ಯಾವುದು ಇನ್ನು ಬೇಡ?" ಅಂತ ನೇರವಾಗಿ ಕೇಳಿ. ಬಿದ್ದದ್ದು, ಮರೆವು, ತಲೆಸುತ್ತು, ಯಾವುದನ್ನೂ ವಯಸ್ಸಿನ ಮೇಲೆ ಹಾಕಿ ಮುಚ್ಚಿಡಬೇಡಿ.

ಅಮ್ಮನಿಗೆ ಈಗ ಐದೇ ಬಗೆ. ಹೊಸ ಪಟ್ಟಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಇನ್ನೊಂದು ಪ್ರತಿ ಅವರ ಪರ್ಸಿನಲ್ಲಿದೆ.