ದೇಯಾನೀರಾಳ ಉಣ್ಣೆ ಕರಗಿಸಿದ್ದು

ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಟ್ರಾಕಿಸ್‌ನ ಹೆಂಗಸರು’ ಮಾಡೋಣ ಅಂದಾಗ ನಮ್ಮ ನಾಟಕ ತಂಡದಲ್ಲಿ ಎಲ್ಲರ ಕಣ್ಣೂ ವೀರ ಹೆರಾಕ್ಲಿಸ್ ಮೇಲೆ. ವಿಷದ ಅಂಗಿ ಮೈಗಂಟಿ ಅವನು ಒದ್ದಾಡುವುದೇ ನಾಟಕ ಅಂದರು. ನನಗೆ ಬೇಕಿದ್ದದ್ದು ಅವನ ಹೆಂಡತಿ ದೇಯಾನೀರಾ.

ಗಂಡ ಐಯೊಲೆ ಎಂಬ ಹುಡುಗಿಯನ್ನು ಸೆರೆ ಹಿಡಿದು ಮನೆಗೆ ಕಳಿಸಿದ್ದಾನೆ. ಅವನ ಪ್ರೀತಿ ವಾಪಸ್ ಬರಲಿ ಅಂತ ಇವಳು, ಹೆರಾಕ್ಲಿಸ್‌ನ ಬಾಣ ತಗುಲಿದ ಕುದುರೆ-ಮನುಷ್ಯ ನೆಸ್ಸಸ್ ಸಾಯುವಾಗ ವಶೀಕರಣದ ಮದ್ದು ಅಂತ ಕೊಟ್ಟ ತನ್ನ ರಕ್ತವನ್ನು ಅಂಗಿಗೆ ಸವರಿ ಕಳಿಸುತ್ತಾಳೆ. ಸವರಲು ಬಳಸಿದ ಉಣ್ಣೆಯ ತುಂಡು ಬಿಸಿಲಿಗೆ ಬಿದ್ದು ಪುಡಿಯಾಗುತ್ತದೆ, ನೆಲದಲ್ಲಿ ನೊರೆ ಉಕ್ಕುತ್ತದೆ. ಆಗಲೇ ಅವಳಿಗೆ ಅನುಮಾನ ಹುಟ್ಟುವುದು. ಮೂಲದಲ್ಲಿ ಇದು ಬರೀ ಮಾತು. ನಾನು ಕಣ್ಣೆದುರೇ ಕರಗಿಸುತ್ತೇನೆ ಅಂದೆ. ‘ಆಗಲ್ಲ ಬಿಡಿ ಸರ್’ ಅಂದರು.

ಮೊದಲು ಥರ್ಮಾಕೋಲ್‌ಗೆ ಥಿನ್ನರ್. ಚೆನ್ನಾಗೇ ಕರಗಿತು, ಆದರೆ ಮುಚ್ಚಿದ ಹಾಲ್‌ನಲ್ಲಿ ಆ ಘಾಟಿಗೆ ನಟಿಯ ಗಂಟಲೇ ಕಟ್ಟಿತು. ಆಮೇಲೆ ನಿಜವಾದ ಉಣ್ಣೆಗೆ ಬ್ಲೀಚ್. ಕರಗುತ್ತದೆ, ಆದರೆ ದೃಶ್ಯ ಮುಗಿದರೂ ಕರಗುತ್ತಲೇ ಇರುತ್ತದೆ. ಇಷ್ಟರಲ್ಲಿ ಸುಮಾರು ಮೂರು ಸಾವಿರ ಖರ್ಚಾಗಿತ್ತು. ಖಜಾಂಚಿ ಮಾತು ಬಿಟ್ಟಿದ್ದರು.

ಕೊನೆಗೆ ಕೈ ಹಿಡಿದದ್ದು ಬಾಂಬೆ ಮಿಠಾಯಿ! ಬಣ್ಣ ಹಾಕದ ಬಿಳಿಯದನ್ನೇ ಹೇಳಿ ಮಾಡಿಸಬೇಕು, ಪ್ಯಾಕೆಟ್‌ಗೆ ಇಪ್ಪತ್ತೋ ಮೂವತ್ತೋ ರೂಪಾಯಿ. ಕಪ್ಪು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲಿಂದ ಹಳದಿ ಸ್ಪಾಟ್ ಲೈಟ್ ಬಿಡಿ. ಬಿದ್ದ ಕೂಡಲೇ ಕುಸಿಯುತ್ತದೆ, ನೋಡನೋಡುತ್ತ ಇಲ್ಲವಾಗುತ್ತದೆ. ಇದನ್ನು ಬೇರೆ ಯಾರೂ ಮಾಡಿದ್ದು ನಾನಂತೂ ನೋಡಿಲ್ಲ. ಮಳೆಗಾಲದಲ್ಲಿ ರಂಗದ ಪಕ್ಕದ ವಿಂಗ್‌ನಲ್ಲೇ ಮುದ್ದೆಯಾಗದಂತೆ ಕಂಚಿನ ಪಾತ್ರೆಯಲ್ಲಿ ಹೇಗಿಡುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ.

ನೊರೆಗೆ ಅಡುಗೆ ಸೋಡಾ, ನಿಂಬೆರಸ. ಸೊಫೊಕ್ಲಿಸ್ ಅದನ್ನು ದ್ರಾಕ್ಷಿರಸಕ್ಕೆ ಹೋಲಿಸುತ್ತಾನೆ ಅಲ್ವಾ, ಅದಕ್ಕೆ ಕಪ್ಪು ದ್ರಾಕ್ಷಿ ಹಿಂಡಿ ನೋಡಿದೆ. ಸೋಡಾ ಜಾಸ್ತಿಯಾದರೆ ರಸ ನೀಲಿ-ಹಸಿರಿಗೆ ತಿರುಗುತ್ತದೆ. ವಿಷಕ್ಕೆ ಅದೇ ಬಣ್ಣ ಸರಿ ಅನ್ನಿಸಿ ಹಾಗೇ ಉಳಿಸಿಕೊಂಡೆ.

ಇದರ ನಿಜವಾದ ಲಾಭ ಮುಂದಿನ ದೃಶ್ಯದಲ್ಲಿ. ಮಗ ಹಿಲ್ಲಸ್ ಬಂದು ‘ಅಪ್ಪನನ್ನು ನೀನೇ ಕೊಂದೆ’ ಅಂತ ಬೈಯುತ್ತಾನೆ. ಅವಳು ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ, ಕತ್ತಿ ಇರಿದುಕೊಂಡು ಸಾಯುತ್ತಾಳೆ. ಓದುವಾಗ ಆ ಮೌನ ಸಪ್ಪೆ ಅಂದಿದ್ದರು. ಉಣ್ಣೆ ಕರಗಿದ್ದನ್ನು ಕಂಡ ಪ್ರೇಕ್ಷಕರಿಗೆ ಅವಳ ಮಾತೇ ಬೇಕಿರಲಿಲ್ಲ. ಅವಳು ದಾಟಿ ಹೋಗುವಷ್ಟೂ ಹೊತ್ತು ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ.

ಹೆರಾಕ್ಲಿಸ್‌ನ ಅಂಗಿಗೆ ಲೈಟು, ಹೊಗೆ ಅಂತ ಎತ್ತಿಟ್ಟಿದ್ದ ಏಳೆಂಟು ಸಾವಿರ ಹಾಗೇ ಉಳಿಯಿತು. ಅದರಲ್ಲಿ ಕೋರಸ್ (ಮೇಳ) ಹುಡುಗಿಯರಿಗೆ ಒಳ್ಳೆ ಬಟ್ಟೆ ಹೊಲಿಸಿದೆ.