ಮಗೊಟ್ ಅಂತ ಹೆಸರಿಟ್ಟುಕೊಂಡೆ

ಉತ್ತರ ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೂರನೇ ವರ್ಷ, ಕೈಯಲ್ಲಿ ನೂಲು ತೆಗೆಯುವುದನ್ನು ಕಲಿಯುವ ಆಸೆಯಿಂದ ಒಂದು ತಂಡ ಸೇರಿದೆ. ಮಧ್ಯಯುಗದ ಹಳ್ಳಿ ಬದುಕನ್ನು ಅದೇ ಉಡುಗೆ, ಅದೇ ಸಲಕರಣೆಗಳಲ್ಲಿ ಮಾಡಿ ತೋರಿಸುವ ತಂಡ. ನಮ್ಮದು 1380ರ ಆಸುಪಾಸಿನ ಯಾರ್ಕ್‌ಷೈರ್. ಉಣ್ಣೆಯ ನಿಲುವಂಗಿ ಹೊಲಿದಾಯಿತು, ಕದಿರು ಸಿಕ್ಕಿತು, ಹೆಸರೊಂದು ಬಾಕಿ. ರೊವೀನಾ ಅಂತ ಇಟ್ಟುಕೊಳ್ಳುತ್ತೇನೆ ಎಂದೆ. ತಂಡದ ಹಿರಿಯಾಕೆ ಕೇಳಿದ್ದು ಒಂದೇ ಮಾತು: "ಯಾವ ಊರಿನ, ಯಾವ ವರ್ಷದ ದಾಖಲೆಯಲ್ಲಿದೆ?"

ನನಗೆ ಎಲ್ಲೂ ಸಿಗಲಿಲ್ಲ. ರೊವೀನಾ 12ನೇ ಶತಮಾನದ ಐತಿಹ್ಯದಲ್ಲಿ ಬರುವ ರಾಣಿ. ಆ ಹೆಸರು ಜನರ ಬಾಯಿಗೆ ಬಂದದ್ದು 19ನೇ ಶತಮಾನದ ಕಾದಂಬರಿಯೊಂದರಿಂದ. ಮಕ್ಕಳ ಹೆಸರಿನ ಪಟ್ಟಿಯೊಂದನ್ನು ನಂಬಿ ಮೋಸಹೋಗಿದ್ದೆ.

ಆಮೇಲೆ ಹಿಡಿದದ್ದು 1379ರ ತಲೆಗಂದಾಯದ ಪಟ್ಟಿ. ಯಾರ್ಕ್‌ಷೈರಿನ ಪಶ್ಚಿಮ ಭಾಗದ್ದು 19ನೇ ಶತಮಾನದಲ್ಲೇ ಅಚ್ಚಾಗಿದೆ. 16 ವರ್ಷ ದಾಟಿದವರು ಕಟ್ಟಬೇಕು; ಬಡವರಿಗೆ 4 ಪೆನ್ನಿ, ಗಂಡಹೆಂಡಿರಿಗೆ ಸೇರಿ ಒಂದೇ ಕಂದಾಯ. ಹಾಗಾಗಿ ಎಷ್ಟೋ ಹೆಂಡಂದಿರು "ಅವನ ಹೆಂಡತಿ" ಎಂದಷ್ಟೇ ಆಗಿ ಉಳಿದುಬಿಟ್ಟಿದ್ದಾರೆ. ಅದನ್ನು ಓದುವಾಗ ಸಂಕಟವಾಗುತ್ತದೆ. ಮದುವೆಯಾಗದವರು, ಮನೆಗೆಲಸದ ಹುಡುಗಿಯರು ತಮ್ಮ ಹೆಸರಲ್ಲೇ ನಿಂತಿದ್ದಾರೆ. ಆಲಿಸ್, ಆಗ್ನೆಸ್, ಜೋನ್, ಮತ್ತೆ ಆಲಿಸ್. ಅಲ್ಲೇ ಸಿಕ್ಕಿದವಳು ಮಗೊಟಾ. ಮಾರ್ಗರೇಟ್ ಎಂಬುದರ ಮುದ್ದಿನ ರೂಪ. ಕೊನೆಯ 'ಆ' ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕರಣಿಕ ಸೇರಿಸಿದ್ದು. ಊರವರು ಕೂಗುತ್ತಿದ್ದದ್ದು ಮಗೊಟ್. ಹಾಗೆಯೇ ಕಡತದಲ್ಲಿ ಮಟಿಲ್ಡಾ, ಬಾಯಲ್ಲಿ ಮಾಡ್. ಕಡತದ ಎಜಿಡಿಯಸ್ ಮನೆಯಲ್ಲಿ ಜೈಲ್ಸ್. ಕರಣಿಕನ ಲ್ಯಾಟಿನ್ ಬಿಡಿಸಿದ ಮೇಲೇ ಹೆಸರು ಕೈಗೆ ಬರುತ್ತದೆ.

ಗಂಡಸರ ಹೆಸರು ಇನ್ನೂ ಕಡಿಮೆ. ಜಾನ್, ವಿಲಿಯಮ್, ಥಾಮಸ್, ರಾಬರ್ಟ್, ರಿಚರ್ಡ್ ಈ ಐದರಲ್ಲೇ ಬಹುಪಾಲು ಊರು ಮುಗಿಯಿತು. ಒಬ್ಬ ಜಾನ್‌ನಿಂದ ಇನ್ನೊಬ್ಬನನ್ನು ಗುರುತಿಸಲು ಅಡ್ಡಹೆಸರು ಬೇಕೇ ಬೇಕು. ಧಾರವಾಡದ ಕಡೆಯಿಂದ ಬಂದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಬಡಿಗೇರ, ಕಮ್ಮಾರ, ಪತ್ತಾರ ಎನ್ನುವ ಹೆಸರುಗಳ ನಡುವೆಯೇ ಬೆಳೆದವಳು ನಾನು.

ಆದರೂ ಅಡ್ಡಹೆಸರಿನಲ್ಲೇ ಎಡವಿದೆ. ತಂಡದಲ್ಲಿ ನನ್ನ ಗಂಡನ ಪಾತ್ರ ಬಟ್ಟೆ ತುಳಿಯುವವನದು. ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಎಳೆಗಳು ಒಂದಕ್ಕೊಂದು ಕಚ್ಚಿ ಬಟ್ಟೆ ಕುಗ್ಗಿ ದಪ್ಪವಾಗುವವರೆಗೆ ಕಾಲಿನಿಂದ ತುಳಿಯುವ ಕೆಲಸ. ಜಾನ್ ಫುಲ್ಲರ್ ಎಂದು ಬರೆದುಕೊಟ್ಟೆ. ಆದರೆ ಫುಲ್ಲರ್ ಎನ್ನುವುದು ಆಗ್ನೇಯ ಇಂಗ್ಲೆಂಡಿನ ಮಾತು. ಅದೇ ಕಸುಬಿನವನು ನೈಋತ್ಯದಲ್ಲಿ ಟಕ್ಕರ್, ಉತ್ತರದಲ್ಲಿ ವಾಕರ್. ಬಟ್ಟೆಯ ಮೇಲೆ ನಡೆಯುವವನು, ವಾಕರ್! ನೇಕಾರರದೂ ಇದೇ ಕಥೆ: ದಕ್ಷಿಣದಲ್ಲಿ ವೆಬ್, ನಮ್ಮ ಯಾರ್ಕ್‌ಷೈರಿನಲ್ಲಿ ವೆಬ್‌ಸ್ಟರ್. 'ಸ್ಟರ್' ಮೊದಲು ಹೆಂಗಸರ ಕಸುಬಿಗೆ ಸೇರುತ್ತಿದ್ದ ಪ್ರತ್ಯಯ. ನಮ್ಮ ಕಾಲಕ್ಕೆ ಗಂಡು ನೇಕಾರನೂ ವೆಬ್‌ಸ್ಟರೇ.

ಹೀಗೆ ಅವರು ಜಾನ್ ವಾಕರ್, ನಾನು ಮಗೊಟ್ ವೆಬ್‌ಸ್ಟರ್, ಮಗ ವಿಲ್ ಜಾನ್ಸನ್. ಒಂದೇ ಮನೆಗೆ ಮೂರು ಅಡ್ಡಹೆಸರೇ ಎಂದು ನೋಡುಗರು ಕೇಳುತ್ತಾರೆ. ಉತ್ತರದಲ್ಲಿ ಆಗ ಎಷ್ಟೋ ಅಡ್ಡಹೆಸರು ಆಯಾ ಮನುಷ್ಯನವೇ ಆಗಿದ್ದವು, ವಂಶಕ್ಕೆ ಇಳಿದಿರಲಿಲ್ಲ ಎಂದು ಕದಿರು ತಿರುಗಿಸುತ್ತಲೇ ಹೇಳುತ್ತೇನೆ.

ಹೊಸದಾಗಿ ಸೇರಿದ ಹುಡುಗನೊಬ್ಬ ದಕ್ಷಿಣದ ಸಸೆಕ್ಸ್‌ನ ರೈತನಾಗಬೇಕಂತೆ. ಅವನಿಗಾಗಿ 1332ರ ಅಲ್ಲಿನ ತೆರಿಗೆ ಪಟ್ಟಿ ತೆರೆದಿದ್ದೇನೆ. 'ಅಟ್ಟೆ', ಅಂದರೆ 'ಇಂಥದ್ದರ ಬಳಿಯವನು', ಎಂದು ಶುರುವಾಗುವ ಅಡ್ಡಹೆಸರುಗಳು ಆ ಸೀಮೆಯಲ್ಲಿ ಹೇರಳ. "ನಿನ್ನ ಮನೆ ಬಾವಿ ಹತ್ತಿರವೋ, ಬೆಟ್ಟದ ಹತ್ತಿರವೋ?" ಎಂದು ಕೇಳಿದ್ದೇನೆ. ಯೋಚಿಸಿ ಹೇಳುತ್ತಾನಂತೆ.