ಕಾಳು ಕಾಣದ ಕೋಶಗಳು

ಕಿವಿಯ ಮುಂದೆ ಗೋಲಿಯಷ್ಟು ಗಂಟು. ಎರಡು ವರ್ಷದಿಂದ ಇತ್ತಂತೆ, ನೋವಿಲ್ಲ. ಸೂಜಿ ಹಾಕಿ ತೆಗೆದ ಕೋಶಗಳ ಸ್ಲೈಡ್ ಪೆಥಾಲಜಿಸ್ಟ್ ಆದ ನನ್ನ ಮೇಜಿಗೆ ಬಂತು. ಚೀಟಿಯಲ್ಲಿ ‘ಪ್ಲಿಯೋಮಾರ್ಫಿಕ್ ಅಡೆನೋಮಾ?’ ಎಂದಿತ್ತು, ಅಂದರೆ ಕ್ಯಾನ್ಸರ್ ಅಲ್ಲದ ಒಂದು ಸಾದಾ ಗಡ್ಡೆ. ಪರೋಟಿಡ್, ಅಂದರೆ ಕಿವಿಯ ಮುಂದಿನ ಜೊಲ್ಲುಗ್ರಂಥಿಯ ಗಂಟು ಅಂದ್ರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಹೆಚ್ಚಿನ ಸಲ ಅದೇ ಆಗಿರುತ್ತದೆ ಕೂಡ.

ಇಲ್ಲಿ ಮಾತ್ರ ಅದರ ಗುರುತಾದ ನಾರುನಾರು ಕೆನ್ನೇರಳೆ ಹಿನ್ನೆಲೆ ಇರಲಿಲ್ಲ. ಕೋಶಗಳ ತುಂಬಾ ಸಣ್ಣ ಗುಳ್ಳೆಗಳು. ಗಡ್ಡೆ ಹೌದು, ಸಾದಾನೋ ಕ್ಯಾನ್ಸರೋ ಖಚಿತವಿಲ್ಲ: ಜೊಲ್ಲುಗ್ರಂಥಿಯ ಸೂಜಿ ಪರೀಕ್ಷೆಗಳನ್ನು ವರ್ಗೀಕರಿಸುವ ಮಿಲಾನ್ ಪದ್ಧತಿಯಲ್ಲಿ ಇದಕ್ಕೂ ಒಂದು ವರ್ಗವಿದೆ. ಅಷ್ಟನ್ನೇ ಬರೆದೆ. ಸೂಜಿಯಲ್ಲಿ ಸಿಕ್ಕ ನಾಲ್ಕು ಕೋಶ ನೋಡಿ ಜಾಸ್ತಿ ಜಾಣತನ ತೋರಿಸಬಾರದು ಅನ್ನುವುದು ಪೆಟ್ಟು ತಿಂದು ಕಲಿತದ್ದು.

ಆಪರೇಷನ್ ಆಗಿ ಇಡೀ ಗಡ್ಡೆ ಬಂದಾಗ ‘ಅಸಿನಿಕ್ ಸೆಲ್ ಕಾರ್ಸಿನೋಮಾ’ (ಜೊಲ್ಲುಗ್ರಂಥಿಯ ಒಂದು ಬಗೆಯ ಕ್ಯಾನ್ಸರ್) ಎಂದು ಬರೆಯಲು ಕೈ ಹೋಗಿತ್ತು. ಆದರೆ ಅದರ ಕೋಶಗಳಲ್ಲಿ ಕಿಣ್ವದ ಕಾಳುಗಳಿರಬೇಕು. ಗ್ಲೈಕೋಜೆನ್ ಕರಗಿಸುವ ಡಯಾಸ್ಟೇಸ್ ಹಾಕಿ ಪಿಎಎಸ್ ಎಂಬ ಬಣ್ಣ ಕೊಟ್ಟರೂ ಅವು ಕೆನ್ನೇರಳೆಯಾಗಿ ಉಳಿಯುತ್ತವೆ. ನಾನು ಅರ್ಧ ದಿನ ಹುಡುಕಿದೆ, ಒಂದೂ ಸಿಗಲಿಲ್ಲ. ಗುಳ್ಳೆಗಳ ನಡುವೆ ಬರೀ ಗುಲಾಬಿ ಸ್ರಾವ.

ಆಮೇಲೆ ಕೋಶದ ಒಂದೊಂದು ಪ್ರೋಟೀನನ್ನು ಬಣ್ಣದಲ್ಲಿ ತೋರಿಸುವ ಇಮ್ಯುನೋ ಸ್ಟೇನ್ ಮಾಡಿಸಿದೆ. ಎಸ್‌100, ಮ್ಯಾಮಾಗ್ಲೋಬಿನ್ ಎರಡೂ ಗಾಢ. ಅಸಿನಿಕ್‌ನಲ್ಲಿ ಸಾಮಾನ್ಯವಾಗಿ ಹಿಡಿಯುವ ಡಾಗ್‌1 ಮಾತ್ರ ಖಾಲಿ. ಜೀನ್ ಒಡೆದಿದೆಯೇ ಎಂದು ತೋರಿಸುವ ಫಿಶ್ ಪರೀಕ್ಷೆಯಲ್ಲಿ ಇಟಿವಿ6 ಜೀನ್ ಒಡೆದಿತ್ತು. ಸೆಕ್ರಿಟರಿ (ಸ್ರಾವ ಸುರಿಸುವ) ಕಾರ್ಸಿನೋಮಾ! ಸ್ತನದಲ್ಲಿ ಇಂಥದೇ ಗಡ್ಡೆ ಮೊದಲೇ ಗೊತ್ತಿತ್ತು. ಜೊಲ್ಲುಗ್ರಂಥಿಯಲ್ಲಿ ಇದನ್ನು ಬೇರೆಯಾಗಿ ಗುರುತಿಸಿದ್ದು 2010ರಲ್ಲಿ. ಅದಕ್ಕೂ ಮುಂಚೆ ಇವುಗಳಲ್ಲಿ ಎಷ್ಟೋ ಅಸಿನಿಕ್ ಹೆಸರಲ್ಲೇ ಹೋಗುತ್ತಿದ್ದವು.

ಹಾಗಾದ್ರೆ ನಾನು ಹಿಂದೆ ಬರೆದವು? ನಿದ್ದೆ ಬರಲಿಲ್ಲ. ಹಳೇ ಗಡ್ಡೆಗಳ ತುಣುಕನ್ನು ಮೇಣದಲ್ಲಿ ಕಾದಿಟ್ಟ ಪ್ಯಾರಾಫಿನ್ ಬ್ಲಾಕ್‌ಗಳನ್ನು ಹುಡುಕಿ ತೆಗೆಸಿದೆ. ನಾನೇ ಅಸಿನಿಕ್ ಎಂದು ಸಹಿ ಹಾಕಿದ್ದ ಒಂದರಲ್ಲಿ ಕಾಳುಗಳೇ ಇರಲಿಲ್ಲ. ಸ್ಟೇನ್‌ಗಳೂ ಫಿಶ್ಶೂ ಅದೇ ಕಥೆ ಹೇಳಿದವು. ಆ ಗಡ್ಡೆ ತೆಗೆದಿದ್ದ ಸರ್ಜನ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: “ಈಗ ಹೆಸರು ಬದಲಾದ್ರೆ ಏನು ವ್ಯತ್ಯಾಸ? ಗಡ್ಡೆ ಪೂರ್ತಿ ತೆಗೆದಾಗಿದೆ ಅಲ್ವಾ?”

ಸದ್ಯಕ್ಕೆ ಇಲ್ಲ ಅಂದೆ. ಆದರೆ ಮುಂದೆ ಎಲ್ಲಾದರೂ ಹರಡಿದರೆ ಬೇಕಾಗುತ್ತದೆ. ಈ ಗಡ್ಡೆಗಳಲ್ಲಿ ಇಟಿವಿ6 ಹೆಚ್ಚಾಗಿ ಎನ್‌ಟಿಆರ್‌ಕೆ3 ಎಂಬ ಇನ್ನೊಂದು ಜೀನ್ ಜೊತೆ ಬೆಸೆದಿರುತ್ತದೆ. ಆ ಬೆಸುಗೆಯನ್ನೇ ಗುರಿ ಮಾಡುವ ಲಾರೊಟ್ರೆಕ್ಟಿನಿಬ್‌ನಂಥ ಗುಳಿಗೆಗಳಿವೆ. ರಿಪೋರ್ಟಿನಲ್ಲಿ ಅಸಿನಿಕ್ ಅಂತಿದ್ದರೆ ಆ ಬೆಸುಗೆಯನ್ನು ಹುಡುಕುವ ಯೋಚನೆ ಯಾರಿಗೆ ಬರುತ್ತದೆ?

ಒಂದು ಕ್ಷಣ ಸುಮ್ಮನಿದ್ದು, “ತಿದ್ದಿದ ರಿಪೋರ್ಟ್ ಇವತ್ತೇ ಕಳಿಸಿ” ಅಂದರು. ಸಂಜೆಯೊಳಗೆ ಕಳಿಸಿದೆ.